ಎಡಗಡೆ ಸೀಟಿನ ಬ್ರೇಕು

ಕಾರು ಕಲಿಸುವವನ ಜಾಗ ಎಡಗಡೆ ಸೀಟು. ನನ್ನ ದುಡಿಮೆಯ ಕಾಲವೆಲ್ಲ ಅಲ್ಲಿಯೇ ಕಳೆಯಿತು. ಮೊದಲು ನಾಸಿಕ್ ರೋಡಿನಲ್ಲಿ, ಆಮೇಲೆ ಛತ್ರಪತಿ ಸಂಭಾಜಿನಗರದಲ್ಲಿ. ಊರಿನ ಹೆಸರು ಬದಲಾದರೂ ನನ್ನ ಬಾಯಿಗೆ ಇನ್ನೂ ಔರಂಗಾಬಾದ್ ಅಂತಲೇ ಬರುತ್ತದೆ, ಓದುವವರು ಹೊಂದಿಸಿಕೊಳ್ಳಬೇಕು. ನಿವೃತ್ತನಾದ ಮೇಲೂ ಯಾರ ಪಕ್ಕದಲ್ಲಿ ಕೂತರೂ ನನ್ನ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತುತ್ತದೆ. ಅಳಿಯ ನೋಡಿ ನಗುತ್ತಾನೆ. ನಗಲಿ ಬಿಡಿ. ಅವನು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಊರೆಲ್ಲ ಸುತ್ತುತ್ತಾನೆ, ನಾನು ತುಟಿ ಬಿಚ್ಚುವುದಿಲ್ಲ. ಇದೇನು ಸಣ್ಣ ಸಹನೆಯೇ?

ನಮ್ಮ ಸ್ಕೂಲಿಗೆ ಕಲಿಸಲು ಹೊಸದಾಗಿ ಸೇರಿದವರು ಮೊನ್ನೆ ಮನೆಗೆ ಬಂದು, ನಿಮ್ಮ ಅನುಭವ ಬರೆದುಕೊಡಿ ಅಂದರು. ಅವರಿಗೀಗ ಪರದೆಯ ಮುಂದೆ ಕೂರಿಸಿ ಸ್ಟಿಯರಿಂಗ್ ತಿರುಗಿಸುವ ಯಂತ್ರ ಬಂದಿದೆ. ಪರೀಕ್ಷೆಯ ಮೈದಾನದಲ್ಲಿ ಕ್ಯಾಮೆರಾ ಕೂತಿವೆ. ಗೇರೇ ಇಲ್ಲದ ಗಾಡಿಗಳು ಬಂದಿವೆ. ನಾನು ಸೇರಿದಾಗ ಕಿಟಕಿಯಿಂದ ಕೈ ಹೊರಗೆ ಹಾಕಿ ಸನ್ನೆ ಮಾಡುವುದನ್ನು ವಾರಗಟ್ಟಲೆ ಕಲಿಸುತ್ತಿದ್ದೆವು. ಈಗ ಯಾರಾದರೂ ಕೈ ಹೊರಗೆ ಹಾಕಿದರೆ ಉಗುಳಲಿಕ್ಕೆ ಅಂತ ಹಿಂದಿನವನು ದೂರ ಸರಿಯುತ್ತಾನೆ. ಹಾಗಾಗಿ ವಿಧಾನದ ಬಗ್ಗೆ ನನ್ನಿಂದ ನಿಮಗೆ ಹೆಚ್ಚೇನೂ ಸಿಗಲಾರದು. ಎಡಗಡೆ ಸೀಟಿನಲ್ಲಿ ಕೂತವನಿಗೆ ಏನೇನು ಕಾಣುತ್ತದೆ, ಕೇಳುತ್ತದೆ ಅನ್ನುವುದನ್ನು ಮಾತ್ರ ಹೇಳಬಲ್ಲೆ.

ನಾಸಿಕ್ ರೋಡಿನಲ್ಲಿ ನನ್ನನ್ನು ಕೆಲಸಕ್ಕಿಟ್ಟುಕೊಂಡವರು ಬಾಪೂಸಾಹೇಬರು. ಸ್ಟೇಷನ್ನಿನ ಹತ್ತಿರ ಒಂದು ಮಳಿಗೆ, ಎರಡು ಹಳೇ ಕಾರು, ಗೋಡೆಗೆ ಕೈಸನ್ನೆಗಳ ಚಿತ್ರಪಟ, ಇಷ್ಟೇ ಅವರ ಸಾಮ್ರಾಜ್ಯ. ನಾನು ಬೀದರ ಕಡೆಯಿಂದ ಲಾರಿ ಕ್ಲೀನರ್ ಆಗಿ ಬಂದು, ಲಾರಿ ಓಡಿಸಿ, ಗಾಡಿಯ ವಿಷಯದಲ್ಲಿ ನನಗೆ ತಿಳಿಯದ್ದೇನಿದೆ ಅಂತ ಎದೆಯುಬ್ಬಿಸಿಕೊಂಡಿದ್ದವನು. ಬಾಪೂಸಾಹೇಬರು ಮೊದಲ ದಿನವೇ ಗಾಳಿ ತೆಗೆದರು. "ಓಡಿಸುವುದು ಬೇರೆ, ಓಡಿಸಲು ಬಿಡುವುದು ಬೇರೆ" ಅಂದರು. ಕಲಿಸುವವನ ಕಣ್ಣು ರಸ್ತೆಯ ಮೇಲಿರಬೇಕು, ಕಾಲು ಬ್ರೇಕಿನ ಮೇಲಿರಬೇಕು, ಕಿವಿಗೆ ಹತ್ತಿ ಇಟ್ಟುಕೊಂಡಿರಬೇಕು. ಇದು ಅವರು ಹಾಕಿಕೊಟ್ಟ ಪಾಠ.

ಕಿವಿಯ ಮಾತು ಯಾಕೆಂದರೆ, ಕಾರು ಕಲಿಯಲು ಬಂದವರು ಮೊದಲ ಕೆಲವು ದಿನ ಹೆದರಿಕೊಂಡು ಸುಮ್ಮನಿರುತ್ತಾರೆ. ಕೈ ಪಳಗಿದ ಕೂಡಲೇ ಬಾಯಿ ಬಿಚ್ಚುತ್ತಾರೆ. ಅತ್ತೆ-ಸೊಸೆ ಜಗಳ, ಮೈದುನನ ಸಾಲ, ಮಗಳಿಗೆ ಬಂದ ಸಂಬಂಧ, ಎಲ್ಲ ಎಡಗಡೆಯವನ ಕಿವಿಗೇ ಬೀಳುತ್ತವೆ. ಇಬ್ಬರೂ ರಸ್ತೆಯನ್ನೇ ನೋಡುತ್ತ ಕೂತಿರುತ್ತೇವಲ್ಲ, ಮುಖ ನೋಡುವ ಸಂಕೋಚವಿಲ್ಲ. ಕಾರಿನಲ್ಲಿ ಕೇಳಿದ್ದು ಕಾರಿನಲ್ಲೇ ಇರಬೇಕು.

ಇನ್ನು ಬ್ರೇಕು. ನಮ್ಮ ಕಾರುಗಳಲ್ಲಿ ಎಡಗಡೆಯೂ ಒಂದು ಬ್ರೇಕಿರುತ್ತದೆ, ಕಲಿಯುವವನು ತಪ್ಪಿದರೆ ನಾವು ಒತ್ತಲಿಕ್ಕೆ. ಬಾಪೂಸಾಹೇಬರು ವಾರಕ್ಕೊಮ್ಮೆ ಟಾರ್ಚು ಹಿಡಿದು, ಬಗ್ಗಿ, ನಮ್ಮ ಕಡೆಯ ಬ್ರೇಕಿನ ರಬ್ಬರು ನೋಡುತ್ತಿದ್ದರು. ರಬ್ಬರು ಸವೆದಿದ್ದರೆ ಮುಗಿಯಿತು. "ಮಾಸ್ತರ, ಕಲಿಯುವವನು ನೀನೋ ಅವನೋ?" ಅಂತ ಎಲ್ಲರೆದುರು ಕೇಳುತ್ತಿದ್ದರು. ಅಪಾಯವಿದ್ದರೆ ಮಾತ್ರ ಒತ್ತಬೇಕು, ನಿನ್ನ ಹೆದರಿಕೆಗೆ ಒತ್ತಬಾರದು ಅನ್ನುವುದು ಅವರ ಕಾನೂನು. ನನ್ನ ಬ್ರೇಕಿನ ರಬ್ಬರು ಕೊನೆಯವರೆಗೂ ಹೊಸದರ ಹಾಗಿತ್ತು ಅನ್ನುವುದು ನನ್ನ ಹೆಮ್ಮೆ. ಬೇರೆ ಪದಕ ನನಗೆ ಯಾರೂ ಕೊಟ್ಟಿಲ್ಲ.

ಆ ಹೆಮ್ಮೆಗೆ ಒಮ್ಮೆ ಮಾತ್ರ ಪೆಟ್ಟು ಬಿತ್ತು. ಕರಾವಳಿ ಕಡೆಯ ರಾಮಣ್ಣ ಅಂತ ಒಬ್ಬ ಹೋಟೆಲ್ ಮಾಲೀಕರು ಕಲಿಯಲು ಬರುತ್ತಿದ್ದರು. ಬಹಳ ಸಾತ್ವಿಕ ಮನುಷ್ಯ. ಬ್ರೇಕ್ ಹಾಕಿ ಅಂದರೆ "ಆಯ್ತು ಮಾರಾಯ್ರೆ" ಅಂತ ವಿನಯದಿಂದ ಹೇಳಿ ಆಕ್ಸಿಲರೇಟರ್ ಒತ್ತುತ್ತಿದ್ದರು. ಒಂದು ಬೆಳಿಗ್ಗೆ ಮಾರುಕಟ್ಟೆಯ ಪಕ್ಕದಲ್ಲಿ ಹಾಗೆಯೇ ವಿನಯದಿಂದ ಈರುಳ್ಳಿಯ ರಾಶಿಯೊಳಗೆ ಕಾರು ನುಗ್ಗಿಸಿದರು. ನನ್ನ ಕಾಲು ಹೋಗುವಷ್ಟರಲ್ಲಿ ಬಾನೆಟ್ಟು ಮುಳುಗಿತ್ತು. "ಎಂತ ಮಾಡುದು, ಕಾಲಿಗೆ ಗೊತ್ತಾಗ್ಲಿಲ್ಲ" ಅಂದರು. ಜಜ್ಜಿದ ಈರುಳ್ಳಿಯನ್ನೆಲ್ಲ ಅವರೇ ಕೊಂಡು, ಆ ಸಂಜೆ ಹೋಟೆಲಿನಲ್ಲಿ ಬಜ್ಜಿ ಮಾಡಿಸಿ, ಈರುಳ್ಳಿ ವ್ಯಾಪಾರಿಯನ್ನೂ ನನ್ನನ್ನೂ ಬಾಪೂಸಾಹೇಬರನ್ನೂ ಒಂದೇ ಮೇಜಿಗೆ ಕೂರಿಸಿ ತಿನ್ನಿಸಿದರು. ಅಂಥ ರುಚಿಯ ಬಜ್ಜಿ ನಾನು ಮತ್ತೆ ತಿಂದಿಲ್ಲ. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ.

ಬಾಪೂಸಾಹೇಬರ ತಮ್ಮನ ಮಗ ಔರಂಗಾಬಾದಿನಲ್ಲಿ ಸ್ಕೂಲು ತೆರೆದಾಗ ನಾನು ಅಲ್ಲಿಗೆ ಹೋದೆ. ಅಲ್ಲಿ ಸಿಕ್ಕಿದ್ದು ಕಾಶಿನಾಥನ ಮನೆಯವರು. ಈ ಬರಹ ಅವರ ಸಲುವಾಗಿಯೇ ಅಂದರೂ ಸರಿಯೇ.

ಕಾಶಿನಾಥನಿಗೆ ಊರ ಹೊರಗಿನ ಶೇಂದ್ರಾದ ಅಂಚಿನಲ್ಲಿ ಕಿರಾಣಿ ಅಂಗಡಿ, ಹಿಂದೆ ಹೊಲ. ಅಂಗಡಿಯ ಟೆಂಪೋಗೆ ಲೈಸೆನ್ಸು ಬೇಕು ಅಂತ ಬಂದವನು, ಗೇರು ಸಿಗದೆ ತಡವರಿಸುವಾಗ ಅಪ್ಪಟ ನಮ್ಮ ಕಡೆಯ ಕನ್ನಡದಲ್ಲಿ ಗೇರನ್ನು ಬೈದ. ನಾನು ನಕ್ಕುಬಿಟ್ಟೆ.

"ನೀವೂ ನಮ್ಮ ಕಡ್ಯೋರೇನ್ರಿ ಮಾಸ್ತರ್?" ಅಂದ. ಅವನ ಅಜ್ಜ ಭಾಲ್ಕಿ ಕಡೆಯಿಂದ ಬಂದು ಇಲ್ಲಿ ಹೊಲ ಹಿಡಿದವರಂತೆ. ಆ ಭಾನುವಾರವೇ ನನ್ನನ್ನು ಮನೆಗೆ ಊಟಕ್ಕೆ ಕರೆದೊಯ್ದ.

ಮನೆಯಲ್ಲಿ ಅಪ್ಪ ಸಂಗಪ್ಪ, ತಾಯಿ ಕಸ್ತೂರವ್ವ, ತಮ್ಮ ರೇವಣಸಿದ್ಧ. ಅಣ್ಣತಮ್ಮ ಇಬ್ಬರ ನಡುವೆ ಹುಟ್ಟಿದ ಮಹಾನಂದಾಳನ್ನು ನಾಸಿಕ್ ಕಡೆಯ ನಿಫಾಡ್‌ನ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟಿದ್ದರು. ಅಣ್ಣತಮ್ಮಂದಿರಿಗೆ ಇದ್ದದ್ದು ಒಂದೇ ಮೋಟಾರ್ ಸೈಕಲ್ಲು, ಅದಕ್ಕಾಗಿ ದಿನಾ ಜಗಳ, ದಿನಾ ರಾಜಿ. ಕಸ್ತೂರವ್ವ ಅಂಗಡಿಯಲ್ಲಿ ಬೆಲ್ಲ ತೂಗುತ್ತಲೇ ಇಬ್ಬರಿಗೂ ತೀರ್ಪು ಕೊಡುತ್ತಿದ್ದರು. ಆಕೆ ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ನೇಗಿಲ ಸಾಲನ್ನು ತಿರುತಿರುಗಿ ನೋಡುತ್ತ ಹೊಡೆಯುತ್ತಿದ್ದರು.

ನಾಗರಪಂಚಮಿ ಬಂತೆಂದರೆ ಅಣ್ಣತಮ್ಮ ಇಬ್ಬರೂ ನಸುಕಿನ ಬಸ್ಸು ಹತ್ತಿ ನಿಫಾಡ್‌ಗೆ ಹೋಗಿ ಮಹಾನಂದಾಳನ್ನು ಕರೆತರುತ್ತಿದ್ದರು. ಒಬ್ಬ ಹೋದರೆ ಸಾಲದೆ ಅಂತ ನಾನು ಕೇಳಿದ್ದೆ. "ಇಬ್ಬರು ಅಣ್ಣತಮ್ಮರ ಮಧ್ಯ ಕುಂತು ಬಂದ್ರನ ಅಕಿ ತವರಿಗಿ ಬಂದಂಗ" ಅಂದಿದ್ದರು ಸಂಗಪ್ಪ. ಅದು ಆ ಮನೆಯ ಪದ್ಧತಿ. ಅಂಗಳದ ಬೇವಿನ ಮರಕ್ಕೆ ಜೋಕಾಲಿ, ಒಳಗೆ ಎಳ್ಳುಂಡಿ, ಶೇಂಗಾದುಂಡಿ, ಜೋಳದ ಅರಳು. ಮಹಾನಂದಾ ಜೋಕಾಲಿಯಲ್ಲಿ ಕೂತರೆ ಕಾಶಿನಾಥ ಜೀಕುವನು, ರೇವಣ "ಅಕ್ಕಾ, ಸಾಕು ಇಳಿ, ನನ್ನ ಪಾಳಿ" ಅಂತ ಮೀಸೆ ಬಂದ ಮೇಲೂ ರಗಳೆ ಮಾಡುವನು. ನನ್ನ ಹೆಂಡತಿಗೆ ಊರಿನ ಪಂಚಮಿ ತಪ್ಪಿದ ದುಃಖ ಆ ಅಂಗಳದಲ್ಲಿ ಹೋಗುತ್ತಿತ್ತು. ಅಷ್ಟು ಸಂತೋಷ ಒಂದೇ ಮನೆಯಲ್ಲಿ ಇದ್ದದ್ದನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಸಂಗಪ್ಪ ತೀರಿಕೊಂಡ ಮೇಲೆ ಹೊಲ ಕಾರ್ಖಾನೆಗಳ ಪ್ರದೇಶಕ್ಕೆ ಹೋಯಿತು. ಮೊದಲು ಹಿಂದಿನ ದೊಡ್ಡ ತುಂಡು ಹೋಯಿತು. ದುಡ್ಡು ಬಂತು. ಎಷ್ಟೆಂದು ನಾನು ಕೇಳಲಿಲ್ಲ, ಕೇಳದೆಯೂ ಕಾಣುವಷ್ಟು ಬಂತು. ದುಡ್ಡನ್ನು ನಾನು ಬೈಯುವುದಿಲ್ಲ. ಅದೇ ಊರಿನಲ್ಲಿ ಹಾಗೆ ಬಂದದ್ದನ್ನು ಹದವಾಗಿ ಬಳಸಿಕೊಂಡು ತಣ್ಣಗಿರುವ ಮನೆಗಳೂ ಇವೆ. ಈ ಮನೆಗೆ ಅದು ಹೊಂದಲಿಲ್ಲ.

ಕಾಶಿನಾಥ ಒಂದು ದೊಡ್ಡ ಬಿಳಿ ಗಾಡಿ ತಂದ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆಯಾಯಿತು. ಆ ನಿಂಬೆಹಣ್ಣು ಒಣಗುವ ಮೊದಲೇ ರೇವಣ ಇನ್ನೊಂದು ತಂದ, ಅದಕ್ಕಿಂತ ಗೇಣು ಎತ್ತರದ್ದು. ಟೆಂಪೋ ಓಡಿಸಿದ್ದ ಕಾಶಿನಾಥನಿಗೆ ಅಷ್ಟು ದೊಡ್ಡ ಗಾಡಿಯ ಅಂದಾಜು ಸಿಗದು, ರೇವಣನಿಗೆ ಮೋಟಾರ್ ಸೈಕಲ್ ಬಿಟ್ಟು ಬೇರೆ ಗೊತ್ತಿಲ್ಲ. ಇಬ್ಬರಿಗೂ ನಾನೇ ಮಾಸ್ತರ. ಒಂದೇ ಹೊತ್ತಿಗೆ ಬನ್ನಿ ಅಂದರೆ ಒಪ್ಪಲಿಲ್ಲ. ಅಣ್ಣನಿಗೆ ಬೆಳಿಗ್ಗೆ, ತಮ್ಮನಿಗೆ ಸಂಜೆ.

"ಅಂವ ನನಗಿಂತ ಛಲೋ ಓಡಸ್ತಾನೇನ್ರಿ?" ಅಂತ ಅಣ್ಣ ಕೇಳುವನು.

"ಅಣ್ಣ ನನ್ನ ಗಾಡಿ ಬಗ್ಗೆ ಏನಂದ್ರಿ ಮಾಸ್ತರ್?" ಅಂತ ತಮ್ಮ ಕೇಳುವನು.

ಮೊದಮೊದಲು ತಮಾಷೆ ಅಂದುಕೊಂಡೆ. ಆಮೇಲೆ ಮಾತು ಕಾರಿನಿಂದ ಇಳಿದು ಪ್ಲಾಟಿಗೆ ಹೋಯಿತು, ಅಲ್ಲಿಂದ ಹೆಂಡಂದಿರ ಬಂಗಾರಕ್ಕೆ, ಅಲ್ಲಿಂದ ಅಪ್ಪ ಯಾರನ್ನು ಹೆಚ್ಚು ಪ್ರೀತಿಸುತ್ತಿದ್ದ ಅನ್ನುವಲ್ಲಿಗೆ. ನಾನು ಕಿವಿಗೆ ಹತ್ತಿ ತುರುಕಿಕೊಂಡೆ. ಅಂಗಡಿಯಲ್ಲಿ ಕೂರುವುದಕ್ಕೆ ಇಬ್ಬರಿಗೂ ನಾಚಿಕೆ ಬಂತು. ಬಾಗಿಲು ತೆರೆಯುತ್ತಿದ್ದವರು ಕಸ್ತೂರವ್ವ ಒಬ್ಬರೇ.

ರಸ್ತೆಪಕ್ಕದ ತುಂಡೊಂದು ಉಳಿದಿತ್ತು. ಬೆಲೆ ಇದ್ದದ್ದು ಅದಕ್ಕೇ. ಅದರಲ್ಲಿ ಮಹಾನಂದಾಳ ಹೆಸರೂ ಸೇರಿತ್ತು. ತನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಅಂತ ಆಕೆ ಸಹಿ ಮಾಡಿದರೆ ಅದೂ ಇಬ್ಬರದೇ. ಇಲ್ಲಿನವರು ಅದಕ್ಕೆ ಹಕ್ಕಸೋಡ್ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರು ತವರು ಉಳಿಯಲಿ ಅಂತ ಕಣ್ಣು ಮುಚ್ಚಿ ಸಹಿ ಹಾಕಿಬಿಡುತ್ತಾರೆ.

ಆ ವರ್ಷದ ಪಂಚಮಿಯ ಹಿಂದಿನ ದಿನ ಅಣ್ಣತಮ್ಮ ರೇವಣನ ಗಾಡಿಯಲ್ಲಿ ನಿಫಾಡ್‌ಗೆ ಹೊರಟರು. ರೇವಣನಿಗೆ ಹೆದ್ದಾರಿಯ ಹೆದರಿಕೆ ಇನ್ನೂ ಹೋಗಿರಲಿಲ್ಲ, ಅದಕ್ಕೆ ನನ್ನನ್ನೂ ಕೂರಿಸಿಕೊಂಡರು. ದಾರಿಯಲ್ಲಿ ಇಬ್ಬರೂ ನಗುನಗುತ್ತ ಮಾತಾಡಿದರು. ನನಗೆ ಖುಷಿಯಾಯಿತು, ಹಬ್ಬ ಇಬ್ಬರನ್ನೂ ಕೂಡಿಸಿತಲ್ಲ ಅಂತ. ಬರುವಾಗ ಮಹಾನಂದಾ ಹಿಂದಿನ ಸೀಟಿನಲ್ಲಿ ಕಾಶಿನಾಥನ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಉಂಡಿ ತುಂಬಿದ ಸ್ಟೀಲಿನ ಡಬ್ಬಿ, ಅವ್ವನಿಗೆ ಅಂತ ತಂದದ್ದು. ಜೋಕಾಲಿ ಕಟ್ಟಿದ್ದೀರೋ ಇಲ್ಲವೋ ಅಂತ ದಾರಿಯುದ್ದಕ್ಕೂ ಕೇಳುತ್ತಿದ್ದಳು.

ಊರು ಮುಟ್ಟಿದ ಮೇಲೆ ಗಾಡಿ ಶೇಂದ್ರಾದ ಕಡೆ ಹೊರಳಲಿಲ್ಲ. ನೋಂದಣಿ ಕಚೇರಿಯ ಮುಂದೆ ನಿಂತಿತು. ಇಬ್ಬರು ಸಾಕ್ಷಿಗಳು ಮೊದಲೇ ಬಂದು ಚಹಾ ಕುಡಿಯುತ್ತಿದ್ದರು.

"ತಂಗಿ, ಒಂದ್ ಸಹಿ ಅದ. ಎರಡ್ ಮಿಂಟಿನ ಕೆಲಸ" ಅಂದ ಕಾಶಿನಾಥ.

ಮಹಾನಂದಾಳಿಗೆ ಅರ್ಥವಾಗಲು ಎರಡು ಮಿನಿಟು ಬೇಕಾಗಲಿಲ್ಲ. ಡಬ್ಬಿಯನ್ನು ಸೀಟಿನ ಮೇಲಿಟ್ಟು ಇಳಿದು, ಒಳಗೆ ಹೋಗಿ, ಕೇಳಿದಲ್ಲೆಲ್ಲ ಸಹಿ ಮಾಡಿ ಬಂದಳು. ಗಾಡಿಯ ಬಾಗಿಲು ತೆರೆದು ನಿಂತ ರೇವಣನನ್ನು ನೋಡಿ ಅಂದಳು:

"ಮನಿಗಿ ಒಯ್ದು, ಒಂದ್ ತುತ್ತು ಉಣ್ಣಾಕ ನೀಡಿ ಕೇಳಿದ್ರ ನಾ ಒಲ್ಲೆ ಅಂತಿದ್ನೇನೋ ರೇವಣ? ಅವ್ವನ ಮಾರಿ ನೋಡೂಕಿಂತ ಮೊದಲ ಕೇಳಿದ್ರಿ. ನನ್ನ ಬಸ್ ಸ್ಟ್ಯಾಂಡಿಗಿ ಬಿಡ್ರಿ."

"ಅಕ್ಕಾ, ಹಬ್ಬ ಅದ. ಅವ್ವ ದಾರಿ ನೋಡ್ಲಿಕತ್ತಾಳ" ಅಂದ ರೇವಣ.

"ಅದು ನಿಮಗ ಈಗ ನೆನಪಾತೇನು?"

ಗಾಡಿ ಬಸ್ ಸ್ಟ್ಯಾಂಡಿಗೆ ತಿರುಗಿತು. ಆಕೆ ನಾಸಿಕ್ ಬಸ್ಸು ಹತ್ತಿದಳು. ಡಬ್ಬಿ ಸೀಟಿನ ಮೇಲೆಯೇ ಉಳಿಯಿತು. ಅಣ್ಣತಮ್ಮ ಇಬ್ಬರೂ ಒಂದೇ ಗಾಡಿಯಲ್ಲಿ ಕೂತದ್ದು ಅದೇ ಕಡೆಯದು.

ಮುಂದಿನದನ್ನು ನಾನು ವಿವರಿಸಬೇಕಾಗಿಲ್ಲ. ರಸ್ತೆಪಕ್ಕದ ತುಂಡಿನ ದುಡ್ಡು ಬಂದ ಮೇಲೆ ಯಾರಿಗೆ ಹೆಚ್ಚು ಯಾರಿಗೆ ಕಡಿಮೆ ಅಂತ ವಕೀಲರ ತನಕ ಹೋಯಿತು. ಅಂಗಳದ ನಡುವೆ ಗೋಡೆ ಎದ್ದಿತು. ಎರಡು ಗಾಡಿಗಳಿಗೆ ಎರಡು ಶೆಡ್ಡು ಬೇಕಾದವು, ಬೇವಿನ ಮರ ಅಡ್ಡ ಬಂತು, ಕಡಿದರು. ಅಂಗಡಿಯ ಬಾಗಿಲು ಕಾಯಂ ಮುಚ್ಚಿತು. ಕಸ್ತೂರವ್ವ ಒಂದು ತಿಂಗಳು ಗೋಡೆಯ ಈ ಕಡೆ, ಒಂದು ತಿಂಗಳು ಆ ಕಡೆ. ಎರಡು ಮನೆಗೂ ನುಣುಪು ಕಲ್ಲಿನ ನೆಲ, ದೊಡ್ಡ ದೊಡ್ಡ ಟಿವಿ. ನಾನು ಹೋದಾಗ ಚಹಾದ ಜೊತೆ ಗೋಡಂಬಿ ಕೊಡುತ್ತಿದ್ದರು. ನಗು ಮಾತ್ರ ಕೇಳಿಸುತ್ತಿರಲಿಲ್ಲ.

ಮಹಾನಂದಾಳನ್ನು ಕರೆತರುವ ಮಾತು ಬಂದರೆ, ಅಂವ ಬರೂದಾದ್ರ ನಾ ಹೋಗಲ್ಲ ಅಂತ ಇಬ್ಬರದೂ ಒಂದೇ ಹಠ. ಪಂಚಮಿಗಳು ಬಂದವು, ಹೋದವು.

ಹಾಗೆ ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕಸ್ತೂರವ್ವ ಆಟೋದಲ್ಲಿ ನಮ್ಮ ಸ್ಕೂಲಿಗೆ ಬಂದರು. ಮೊಮ್ಮಕ್ಕಳ ವಿಷಯವಿರಬೇಕು ಅಂತ ಕುರ್ಚಿ ಹಾಕಿದೆ.

"ಮಾಸ್ತರ್, ನನಗ ಗಾಡಿ ಕಲಸ್ರಿ."

ನಾನು ನಕ್ಕೆ. ಆಕೆ ನಗಲಿಲ್ಲ.

"ನಗಬ್ಯಾಡ್ರಿ. ಟ್ರ್ಯಾಕ್ಟರ್ ಹೊಡದ ಕೈ ಅವ ಇವು. ಮನಿ ಮುಂದ ಎರಡ್ ಗಾಡಿ ನಿಂತಾವ. ನನ್ನ ಮಗಳನ್ನ ಕರಕೊಂಡ್ ಬರ್ಲಾಕ ಒಂದೂ ಹೊಂಡಲ್ಲ. ಮಕ್ಕಳು ಹೋಗಲ್ಲಂದ್ರ ನಾನ ಹೋಗ್ತೀನಿ. ಈ ಪಂಚಮಿಗಿ ಅಕಿ ಮನ್ಯಾಗ ಇರಬೇಕು. ನನ್ನ ಉಸುರು ಇರೂತನಾ ಒಮ್ಮ್ಯಾದ್ರೂ ಇರಬೇಕು."

ಬಸ್ಸಿದೆಯಲ್ಲ ಅವ್ವಾರೆ ಅಂದೆ. "ಬಸ್ಸಿನ್ಯಾಗ ಹೋದ್ರ ನೋಡ್ಲಾಕ ಬಂದಂಗ ಆಗ್ತದ. ಗಾಡಿ ತೊಗೊಂಡ್ ಹೋದ್ರ ಕರೀಲಾಕ ಬಂದಂಗ" ಅಂದರು. ಬಾಡಿಗೆ ಕಾರು ಹಿಡಿಯಬಹುದು ಅಂತ ಹೇಳಬೇಕೆಂದಿದ್ದವನು ಬಾಯಿ ಮುಚ್ಚಿಕೊಂಡೆ. ಬಾಡಿಗೆಯವನು ತವರಿನವನಲ್ಲ. ಡಾಕ್ಟರ ಸರ್ಟಿಫಿಕೇಟು, ಕಣ್ಣಿನ ಪರೀಕ್ಷೆ, ಕಲಿಕೆಯ ಲೈಸೆನ್ಸು ಎಲ್ಲ ಆಯಿತು. ಮಕ್ಕಳಿಗೆ ಹೇಳಬೇಡಿ ಅಂದರು. ಕಿವಿಗೆ ಹತ್ತಿ ಇಟ್ಟುಕೊಂಡ ಹಾಗೆ ಬಾಯಿಗೂ ಬಟ್ಟೆ ಕಟ್ಟಿಕೊಂಡೆ.

ಮೊದಲ ದಿನ ಸೀಟಿನಲ್ಲಿ ಕೂತು ಕಾಲಿನಿಂದ ತಡಕಾಡಿದರು. "ಇನ್ನೊಂದ್ ಬ್ರೇಕ್ ಎಲ್ಯದ್ರಿ?" ಟ್ರ್ಯಾಕ್ಟರಿನಲ್ಲಿ ಬಲಚಕ್ರಕ್ಕೆ ಒಂದು, ಎಡಚಕ್ರಕ್ಕೆ ಒಂದು ಬ್ರೇಕಿರುತ್ತದೆ. ಹೊಲದ ತುದಿಯಲ್ಲಿ ಗಕ್ಕನೆ ಹೊರಳಿಸಲು ಅನುಕೂಲ. ಕಾರಿನಲ್ಲಿ ಎಲ್ಲ ಚಕ್ರಕ್ಕೂ ಒಂದೇ ಅಂದೆ.

"ಹೊಲದಾಗ ಬ್ಯಾರೆ ಬ್ಯಾರೆ ಇದ್ರ ನಡೀತದ್ರಿ. ರೋಡಿಗಿ ಬರೂ ಮುಂದ ಎರಡೂ ಕೂಡ್ಸಿ ಕೊಂಡಿ ಹಾಕ್ಬೇಕು. ಇಲ್ಲಂದ್ರ ಗಾಡಿ ಪಲ್ಟಿ. ನಮ್ಮ ಮನ್ಯಾಗ ಆ ಕೊಂಡಿ ಕಳಚಿ ಹೋಗ್ಯದ" ಅಂದರು. ಗೇರು ಹಾಕಿ ಅಂತಷ್ಟೇ ಹೇಳಿದೆ.

ಕೈ ಬಹಳ ಚೆನ್ನಾಗಿತ್ತು. ಸ್ಟಿಯರಿಂಗ್ ಹಿಡಿದರೆ ಗಾಡಿ ಗೆರೆ ಎಳೆದಂತೆ ಹೋಗುತ್ತಿತ್ತು. ಹೋಗದ ರೋಗ ಒಂದೇ, ತಿರುತಿರುಗಿ ಹಿಂದೆ ನೋಡುವುದು. ಟ್ರ್ಯಾಕ್ಟರ್ ಹೊಡೆದವರಿಗೆಲ್ಲ ಈ ಚಟ. ನೇಗಿಲು ನೆಟ್ಟಗೆ ಬರುತ್ತಿದೆಯೋ ಇಲ್ಲವೋ ಅಂತ ಹಿಂದೆ ನೋಡಿ ನೋಡಿ ಕತ್ತಿಗೆ ರೂಢಿಯಾಗಿರುತ್ತದೆ. "ಮುಂದ ನೋಡ್ರಿ ಅವ್ವಾರೆ! ಹಿಂದ ನೋಡ್ಲಾಕ ಕನ್ನಡಿ ಅದ" ಅಂತ ದಿನಾ ಕೂಗುತ್ತಿದ್ದೆ. "ಕನ್ನಡ್ಯಾಗ ಸಣ್ಣಾಗಿ ಕಾಣಸ್ತದ್ರಿ" ಅಂತ ವಾದಿಸುವರು. ಅಷ್ಟು ಬೈದರೂ ಬೇಸರಿಸದೆ ಮರುದಿನ ಹಾಜರ್. ನನ್ನ ಶಿಷ್ಯರಲ್ಲಿ ಅಂಥವರು ಇನ್ನೊಬ್ಬರು ಬರಲಿಲ್ಲ.

ಪಂಚಮಿಯ ಬೆಳಿಗ್ಗೆ ನಮ್ಮ ಸ್ಕೂಲಿನ ಕಾರಿನಲ್ಲಿ, ಮುಂದೆ ಹಿಂದೆ ಕೆಂಪು ಎಲ್ ಅಕ್ಷರ ಹಚ್ಚಿಕೊಂಡು, ನಾವಿಬ್ಬರೂ ಹೊರಟೆವು. ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಹಿಂದಿನ ಸೀಟಿನ ಮೇಲೆ ಮಹಾನಂದಾ ಅಂದು ಬಿಟ್ಟುಹೋದ ಅದೇ ಸ್ಟೀಲಿನ ಡಬ್ಬಿ. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ಉಂಡಿ ಕಟ್ಟಿ ತುಂಬಿದ್ದರು. ವೈಜಾಪುರ ದಾಟಿತು, ಯೇವಲಾ ದಾಟಿತು. ಸಣ್ಣಗೆ ಮಳೆ, ಎರಡೂ ಕಡೆ ಹಸಿರು. ಲಾರಿಗಳು ಹಾರ್ನು ಹೊಡೆದು ಹಿಂದೆ ಹಾಕಿದರೂ ಆಕೆ ಗಡಿಬಿಡಿ ಮಾಡಲಿಲ್ಲ. ನಡುನಡುವೆ ಹಿಂದೆ ತಿರುಗಿ ಡಬ್ಬಿ ನೋಡಿದ್ದಕ್ಕೆ ಮಾತ್ರ ನನ್ನಿಂದ ಬೈಸಿಕೊಂಡರು.

ತೋಟದ ಮನೆಯ ಮುಂದೆ ಗಾಡಿ ನಿಂತಾಗ ಮಹಾನಂದಾ ಹೊಸ್ತಿಲಿಗೆ ಬಂದಳು. ಸ್ಟಿಯರಿಂಗಿನ ಮುಂದೆ ಕೂತ ಅವ್ವನನ್ನು ಕಂಡು ಎರಡೂ ಕೈ ಬಾಯಿಗೆ ಹೋದವು. ನಕ್ಕಳು, ಅತ್ತಳು, ಓಡಿ ಬಂದಳು. ಆಮೇಲೆ ಆಕೆಯ ಕಣ್ಣು ಹಿಂದಿನ ಸೀಟಿಗೆ ಹೋಯಿತು. ಅಲ್ಲಿ ಡಬ್ಬಿ ಒಂದೇ ಇತ್ತು.

ಊಟ ಮಾಡಿಸಿದಳು. ಊಟವಾದ ಮೇಲೆ ಕಸ್ತೂರವ್ವ ಎದ್ದು ನಿಂತು, "ನಡಿ, ತಯಾರಾಗು. ಕರೀಲಾಕ ಬಂದೀನಿ" ಅಂದರು.

"ಯಾವ ಬಾಗಲದಿಂದ ಒಳಗ ಬರ್ಲಿ ಅವ್ವಾ?" ಅಂದಳು ಮಹಾನಂದಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಎರಡ್ ಬಾಗಲ ಅವ. ಅಣ್ಣನ ಬಾಗಲಾಗ ಕಾಲಿಟ್ರ ರೇವಣ ಮಾರಿ ತಿರಗಸ್ತಾನ. ರೇವಣನ ಬಾಗಲಾಗ ಇಟ್ರ ಅಣ್ಣ. ನಾ ಬಂದ್ರ ಗ್ವಾಡಿ ಇನ್ನೂ ಎತ್ತರ ಆಗ್ತದ. ನೀ ಬಂದಿ, ನನಗ ಅಷ್ಟ ಸಾಕು."

ಕಸ್ತೂರವ್ವ ಮಗಳ ತಲೆ ಸವರಿ, ಡಬ್ಬಿ ಆಕೆಯ ಕೈಗಿಟ್ಟು, ಬಂದು ಸೀಟಿನಲ್ಲಿ ಕೂತರು. ಕ್ಲಚ್ಚು, ಗೇರು, ಎಲ್ಲ ನಾನು ಕಲಿಸಿದ ಹಾಗೆಯೇ. ಗಾಡಿ ಮೆಲ್ಲಗೆ ತೋಟದ ದಾರಿ ಹಿಡಿಯಿತು. ಹಿಂದೆ ಮಗಳು ಡಬ್ಬಿ ಎದೆಗವಚಿಕೊಂಡು ನಿಂತಿದ್ದಳು. ಕಸ್ತೂರವ್ವ ತಿರುಗಿ ನೋಡಲಿಲ್ಲ. ಕನ್ನಡಿಯನ್ನೂ ನೋಡಲಿಲ್ಲ. ಕತ್ತು ನೆಟ್ಟಗೆ, ಕಣ್ಣು ಮುಂದೆ, ಪುಸ್ತಕದಲ್ಲಿ ಬರೆದ ಹಾಗೆ. ಅಷ್ಟು ದಿನ ಯಾವುದಕ್ಕಾಗಿ ಕೂಗಾಡಿದ್ದೆನೋ ಅದನ್ನು ಅಂದು ಪೂರಾ ಕಲಿತು ತೋರಿಸಿದರು.

ನನ್ನ ಕಾಲು ಬ್ರೇಕು ಒತ್ತಿತು. ಗಾಡಿ ಜಗ್ಗಿ ನಿಂತು ಬಂದ್ ಆಯಿತು. ದಾರಿಯಲ್ಲಿ ಒಂದು ಕೋಳಿಯೂ ಇರಲಿಲ್ಲ.

"ಯಾಕ್ರಿ ಮಾಸ್ತರ್? ಏನ್ ತಪ್ಪಾತು?"

"ಏನೂ ತಪ್ಪಾಗಿಲ್ರಿ. ಒಮ್ಮಿ ಹಿಂದ ನೋಡ್ರಿ ಅವ್ವಾರೆ."

"ನೋಡಿದ್ರ ಹೋಗ್ಲಾಕ ಆಗಲ್ಲಂತ ನೋಡಿಲ್ರಿ" ಅಂದರು. ಆಮೇಲೆ ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟು, "ಗಾಡಿ ನೀವ ಒಯ್ರಿ" ಅಂತ ಇಳಿದು, ಮಳೆಯಲ್ಲೇ ಮಗಳ ಕಡೆ ನಡೆದರು. ಬದಲಿ ಸೀರೆಯನ್ನೂ ತಂದಿರಲಿಲ್ಲ. ನಾನು ಖಾಲಿ ಕಾರು ತಿರುಗಿಸಿಕೊಂಡು ಒಬ್ಬನೇ ಬಂದೆ.

ಮಕ್ಕಳು ರಾತ್ರಿಯೇ ಹುಡುಕಿಕೊಂಡು ಬರುತ್ತಾರೆ, ಏನು ಹೇಳಲಿ ಅಂತ ಚಿಂತಿಸುತ್ತಿದ್ದೆ. ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಹಬ್ಬ ಮುಗಿದು ವಾರ ಕಳೆದ ಮೇಲೆ ಕಾಶಿನಾಥನ ಫೋನು ಬಂತು.

"ಮಾಸ್ತರ್, ಅವ್ವ ನಿಮ್ಮ ಕಡೆ ಗಾಡಿ ಕಲೀಲಾಕ ಬರ್ತಿದ್ಳು ಅಂತ ಯಾರೋ ಅಂದ್ರು, ಖರೇನ್ರಿ? ಅಕಿ ಎಲ್ಲಿ ಅದಾಳ ನಿಮಗೇನರ ಗೊತ್ತದೇನು?" ದನಿ ನಡುಗುತ್ತಿತ್ತು. "ನಾ ರೇವಣನ ಕಡೆ ಅದಾಳ ಅನ್ಕೊಂಡಿದ್ದೆ. ಅಂವ ನನ್ನ ಕಡೆ ಅನ್ಕೊಂಡಾನ."

ಎರಡೂ ಮನೆಯಲ್ಲಿ ಮೊಮ್ಮಕ್ಕಳನ್ನು ಕೇಳಿದಾಗೆಲ್ಲ ಅವು ಮೊಬೈಲಿನಿಂದ ಕಣ್ಣು ತೆಗೆಯದೆ, ಮರಾಠಿಯಲ್ಲಿ "ಆಜಿ ತಿಕಡೇ ಆಹೇ" ಅಂದಿದ್ದವಂತೆ. ಅಜ್ಜಿ ಆ ಕಡೆ ಇದ್ದಾಳೆ ಅಂತ. ಹೆತ್ತ ತಾಯಿ ಎರಡು ಮನೆಯಲ್ಲೂ ಇಲ್ಲ ಅನ್ನುವುದು ಗೊತ್ತಾಗಲು ಅಷ್ಟು ದಿನ ಬೇಕಾಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೂ ಆ ದನಿ ಕೇಳಿ 'ಒಂದ್ ಸಹಿ' ಅಂದ ಕಾಶಿನಾಥ ಮರೆತುಹೋಗಿ, ಜೋಕಾಲಿ ಜೀಕುತ್ತಿದ್ದ ಕಾಶಿನಾಥ ನೆನಪಾದ.

"ನಿಫಾಡ್‌ನ್ಯಾಗ ಅದಾರ. ಕರೀಲಾಕ ಹೋಗೂದಿದ್ರ ಇಬ್ಬರೂ ಒಂದ ಗಾಡ್ಯಾಗ ಹೋಗ್ರಿ" ಅಂದೆ.

ಇಬ್ಬರೂ ಹೋದರು, ಬೇರೆ ಬೇರೆ ದಿನ, ಬೇರೆ ಬೇರೆ ಗಾಡಿಯಲ್ಲಿ. ಕಸ್ತೂರವ್ವ ಇಬ್ಬರಿಗೂ ಊಟ ಹಾಕಿ ಕಳಿಸಿದರು, ಜೊತೆಗೆ ಬರಲಿಲ್ಲ.

ಹೊಸಬರೇ, ನಿಮ್ಮ ಮಾಲೀಕರೂ ಬ್ರೇಕಿನ ರಬ್ಬರು ನೋಡುವವರಾಗಿರಲಿ. ಅಪಾಯವಿಲ್ಲದೆ ಒತ್ತಬೇಡಿ. ನಾನು ಹಾಗೆ ಒತ್ತಿದ್ದು ಅದೊಂದೇ ಸಲ. ಸರಿಯೋ ತಪ್ಪೋ ಅಂತ ಬಾಪೂಸಾಹೇಬರನ್ನು ಕೇಳೋಣವೆಂದರೆ ಅವರೀಗ ಇಲ್ಲ.

ಕಸ್ತೂರವ್ವ ಅಲ್ಲಿಯೇ ಲೈಸೆನ್ಸು ಪಡೆದರು. ಈಗ ಮಗಳ ತೋಟದ ಪಿಕಪ್ ಓಡಿಸುತ್ತಾರೆ. ಪ್ರತಿ ಪಂಚಮಿಗೆ ನನಗೆ ಫೋನು ಬರುತ್ತದೆ. ಹೋದ ಸಲ, ಹಿಂದೆ ನೋಡುವ ಚಟ ಹೋಯಿತೋ ಇಲ್ಲವೋ ಅಂತ ಕೇಳಿದೆ.

"ಕತ್ತು ತಿರಗ್ಸಿ ನೋಡಲ್ರಿ ಈಗ" ಅಂದರು. "ಕನ್ನಡ್ಯಾಗ ನೋಡ್ತೀನಿ. ಹಿಂದ ಒಂದ್ ಬಿಳಿ ಗಾಡಿ ಕಂಡ್ರ ಸಾಕು, ಬಾಜೂಕ ತೊಗೊಂಡು ನಿಲ್ಲಸ್ತೀನ್ರಿ ಮಾಸ್ತರ್. ಒಳಗ ಇಬ್ಬರೂ ಕೂಡಿ ಕುಂತಾರೇನೋ ಅಂತ."